ಚಗಳಿ ಎಣ್ಣೆಯ ಬಗ್ಗೆ ಎರಡು ಮಾತು

ಮಾನ್ಯ ಅಧ್ಯಕ್ಷರಾದ ಪರಮೇಶ್ವರಪ್ಪನವರೇ, ಚಿಕ್ಕಮಗಳೂರಿನಿಂದ ಬಂದಿರುವ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರೇ, ನಿಸರ್ಗ ಬಳಗದ ಪದಾಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಅತ್ತಿಗೆ ಸೌಂದರ್ಯ ಅವರೇ, ಕಾಫಿ ಹಣ್ಣು ಕುಯ್ಯುವ ಕೆಲಸವನ್ನು ಅರ್ಧ ದಿನಕ್ಕೆ ನಿಲ್ಲಿಸಿ ಬಂದಿರುವ ಜಾವಳಿ ಸುತ್ತಿನ ಸಭಿಕರೇ,

ದೇವರಮನೆ ದಾರಿಯ ಕಾಡಂಚಿನಲ್ಲಿ ಕಳೆದ ವಾರ ಸತ್ತು ಬಿದ್ದಿದ್ದ ಮಂಗನಲ್ಲಿ ಮಂಗನ ಕಾಯಿಲೆಯ ವೈರಾಣು ಇದ್ದದ್ದು ಖಚಿತವಾಗಿದೆ. ಪ್ರಯೋಗಾಲಯದ ವರದಿ ಇವತ್ತು ಬೆಳಿಗ್ಗೆ ಬಂತು. ಇದನ್ನು ನನಗೆ ತಿಳಿಸಿದವರು ಪಶು ಆಸ್ಪತ್ರೆಯ ಪರಿವೀಕ್ಷಕರಾದ ಉಮೇಶ್ ಅವರು. ಅವರು ಈಗ ಈ ಸಭಾಂಗಣದ ಹಿಂಬದಿಯಲ್ಲಿ, ಬಾಗಿಲ ಪಕ್ಕ ನಿಂತಿದ್ದಾರೆ. ಅನುಮಾನ ಇದ್ದವರು ಅವರನ್ನೇ ಕೇಳಬಹುದು.

ಸನ್ಮಾನಕ್ಕೆ ಉತ್ತರ ಹೇಳಲು ನಿಂತವಳು ಸತ್ತ ಮಂಗನಿಂದ ಮಾತು ಶುರು ಮಾಡುವುದೇ ಎಂದು ಅಧ್ಯಕ್ಷರು ನನ್ನತ್ತ ನೋಡುತ್ತಿದ್ದಾರೆ. ಕ್ಷಮಿಸಿ. ಚಿಕ್ಕಮಗಳೂರಿನ ಒಂದು ದಿನಪತ್ರಿಕೆಯ ಕಚೇರಿಯಲ್ಲಿ ಕುಳಿತು ಬೇರೆಯವರು ಬರೆದ ಸುದ್ದಿಯನ್ನು ತಿದ್ದುವುದು ನನ್ನ ಕೆಲಸ. ಹೊಸ ಸಂಗತಿ ಮೊದಲು ಬರಬೇಕು, ಅದನ್ನು ಹೇಳಿದವರು ಯಾರು ಎಂಬುದು ಎರಡನೆಯದು, ಹಾರ ತುರಾಯಿ ಜಾಗ ಉಳಿದರೆ ಮಾತ್ರ. ಸನ್ಮಾನದ ಫೋಟೊಗಳನ್ನು ನಾನು ಎಷ್ಟು ನೋಡಿದ್ದೇನೆ ಎಂದರೆ, ಶಾಲಿನ ಮೇಲೆ ಇರುವ ಕೈಗಳನ್ನು ನೋಡಿ ಯಾವ ಬಳಗದ ಕಾರ್ಯಕ್ರಮ ಎಂದು ಹೇಳಬಲ್ಲೆ. ಇವತ್ತು ಆ ಕೈಗಳ ನಡುವೆ ನನ್ನದೂ ಒಂದು ಕೈ. ಶಾಲು ಹೊದಿಸಿಕೊಳ್ಳಬೇಕಾದವನು ಇಲ್ಲದ ಕಾರಣ ಅದನ್ನು ಅವನ ಫೋಟೊಗೆ ಹೊದಿಸಿದೆವು. ಅದು ಜಾರಿ ಬಿತ್ತು. ಮತ್ತೆ ಹೊದಿಸಿದೆವು.

ನನ್ನ ಅಣ್ಣ ರುದ್ರೇಶ್‌ಗೆ ಈ ಬಳಗ ಕೊಟ್ಟಿರುವ ಗೌರವಕ್ಕೆ ನಮ್ಮ ಮನೆಯವರೆಲ್ಲರ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇನೆ. ಅದರ ಜೊತೆಗೆ ಒಂದು ತಿದ್ದುಪಡಿ ಹೇಳಬೇಕಾಗಿದೆ. ನೀವು ಕೊಟ್ಟ ಫಲಕದ ಮೇಲೆ ಅಣ್ಣನ ಹೆಸರಿದೆ, ಊರಿನ ಹೆಸರಿದೆ, ಎರಡೂ ಸರಿ. ಅದರ ಕೆಳಗೆ, ‘ಚಗಳಿಯಲ್ಲಿ ಉಣುಗಿಗೆ ಮದ್ದು ಕಂಡುಹಿಡಿದ ನಿಸರ್ಗಪ್ರೇಮಿ’ ಎಂದಿದೆ. ಉಣುಗು ಎಂದರೆ ಮನುಷ್ಯರನ್ನು ಕಚ್ಚಿ ಮಂಗನ ಕಾಯಿಲೆ ಹತ್ತಿಸುವ ಅದೇ ಉಣ್ಣೆ. ಆ ಸಾಲು ತಪ್ಪು. ಅದು ತಪ್ಪು ಎಂದು ಹೇಳುವುದಕ್ಕಾಗಿಯೇ ನಾನು ಇವತ್ತು ಬಂದದ್ದು. ಏಕೆಂದರೆ ಬಾಗಿಲ ಬಳಿ ಒಂದು ಮೇಜಿದೆ. ಆ ಮೇಜಿನ ಮೇಲೆ ಪುಟ್ಟ ಬಾಟಲಿಗಳಿವೆ. ಪ್ರತಿ ಬಾಟಲಿಯ ಮೇಲೂ ನನ್ನ ಅಣ್ಣನ ಫೋಟೊ ಇದೆ. ಸಭೆ ಮುಗಿದ ಮೇಲೆ ನೀವೆಲ್ಲರೂ ಒಂದೊಂದು ತೆಗೆದುಕೊಂಡು ಹೋಗಲಿ, ನಾಳೆ ಕಾಲಿಗೆ ಹಚ್ಚಿಕೊಂಡು ತೋಟಕ್ಕೆ ಇಳಿಯಲಿ ಎಂದು ಅವುಗಳನ್ನು ಅಲ್ಲಿ ಇಟ್ಟಿದ್ದಾರೆ. ಆ ಎಣ್ಣೆಯನ್ನು ಮಾಡಿದವರು ನನ್ನ ಅತ್ತಿಗೆ. ಚಗಳಿಯನ್ನು ಹಿಡಿದು, ಅರೆದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಸೋಸಿ, ತುಂಬಿದ್ದಾರೆ. ಅವರ ಕೈ ನೋಡಿ, ಈಗಲೂ ಚಗಳಿ ಕಚ್ಚಿದ ಕಲೆಗಳಿವೆ. ಅಷ್ಟು ಪ್ರೀತಿಯಿಂದ ಮಾಡಿದ ವಸ್ತುವನ್ನು ಬೇಡ ಎನ್ನುವುದು ಸುಲಭವೇ?

ಸಭಿಕರೇ, ಅಣ್ಣ ಈ ಎಣ್ಣೆಯವರೆಗೆ ಹೇಗೆ ಬಂದ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಚಗಳಿ ಎಂದರೆ ನಿಮಗೆ ನಾನು ವಿವರಿಸಬೇಕಾಗಿಲ್ಲ. ಎಲೆಗಳನ್ನು ಸೇರಿಸಿ ಹೊಲಿದು ಗೂಡು ಮಾಡುವ ಕೆಂಪು ಇರುವೆ. ಮೂಗು ಕಟ್ಟಿದರೆ ನಮ್ಮಮ್ಮ ನಾಲ್ಕು ಚಗಳಿಯನ್ನು ಅಂಗೈಯಲ್ಲಿ ಉಜ್ಜಿ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ತಲೆಯೊಳಗೆ ಯಾರೋ ಬಾಗಿಲು ತೆರೆದ ಹಾಗೆ ಆಗುತ್ತಿತ್ತು. ಚಟ್ನಿಯಂತೂ ಇಲ್ಲಿ ತಿನ್ನದವರು ಕಡಿಮೆ; ಪ್ರಾಧ್ಯಾಪಕರು ತಿಂದಿಲ್ಲ ಅಂತ ಕಾಣುತ್ತದೆ, ಮುಖ ಹಾಗೆ ಮಾಡಿದರು. ನಾವು ಆ ಹುಳಿಯನ್ನು ಮದ್ದು ಎಂದು ನಂಬಿಕೊಂಡೇ ದೊಡ್ಡವರಾದವರು. ಅಣ್ಣನ ನಂಬಿಕೆ ಆಕಾಶದಿಂದ ಇಳಿದು ಬಂದದ್ದಲ್ಲ.

ಹಣ್ಣು ಕುಯ್ಯುವ ಮೊದಲು ತೋಟಗಳಲ್ಲಿ ಚಗಳಿ ಗೂಡಿಗೆ ಔಷಧಿ ಹೊಡೆಯುವುದು ಇಲ್ಲಿನ ರೂಢಿ. ಹೊಡೆಯದಿದ್ದರೆ ಕುಯ್ಯುವವರ ಗತಿ ಏನು? ರೆಂಬೆಗೆ ಕೈ ಹಾಕಿದ ತಕ್ಷಣ ತೋಳು, ಕುತ್ತಿಗೆ, ರವಿಕೆಯ ಒಳಗೆಲ್ಲ ಬೆಂಕಿ. ಅಣ್ಣ ಮಾತ್ರ ಔಷಧಿ ಹೊಡೆಯಲು ಬಿಡುತ್ತಿರಲಿಲ್ಲ. ಗೂಡು ಇರುವ ರೆಂಬೆಯನ್ನು ಕುಯ್ಯದೆ ಬಿಡಿ, ಆ ಹಣ್ಣು ಚಗಳಿಯ ಪಾಲು ಎನ್ನುತ್ತಿದ್ದ. ದ್ಯಾವಮ್ಮನವರು ಇಲ್ಲಿ ಕುಳಿತಿದ್ದಾರೆ, ನಮ್ಮ ತೋಟದಲ್ಲಿ ಬಹಳ ವರ್ಷದಿಂದ ಹಣ್ಣು ಕುಯ್ಯುವವರು. ಒಂದು ದಿನ ಅವರು ಬುಟ್ಟಿಯನ್ನು ಕಣದಲ್ಲಿ ಇಟ್ಟು ಅಣ್ಣನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

“ಅಯ್ಯಾ, ಈ ತೋಟ ನಿಮ್ದಾ, ಚಗಳಿದಾ? ಅದನ್ನ ಮೊದ್ಲು ಹೇಳ್ಬಿಡಿ. ಸಂಬ್ಳ ಅವ್ರ ಹತ್ರಾನೇ ಕೇಳ್ತೀನಿ.”

“ಅವರದ್ದೇ ದ್ಯಾವಮ್ಮ,” ಎಂದ ಅಣ್ಣ. “ನಾನು ಬರೀ ಲೆಕ್ಕ ಬರೆಯೋ ರೈಟರು.”

ದ್ಯಾವಮ್ಮನವರು ನಗುತ್ತಿದ್ದಾರೆ. ಆಮೇಲೆ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ನಾನು ಮುಂದುವರಿಯುತ್ತೇನೆ.

ಅಣ್ಣ ಚಗಳಿಯನ್ನು ಉಳಿಸಿದ್ದಕ್ಕೆ ಒಂದು ಕಾರಣ ಇತ್ತು. ಕಣದ ಪಕ್ಕದ ಸಿಲ್ವರ್ ಓಕ್ ಮರದ ಬುಡದಲ್ಲಿ ಹರಟೆಮಲ್ಲ ಹಕ್ಕಿಗಳ ಒಂದು ಗುಂಪು ದಿನವೂ ಬರುತ್ತಿತ್ತು. ಅದರಲ್ಲಿ ಒಂದು ಹಕ್ಕಿ ಕೊಕ್ಕಿನಲ್ಲಿ ಚಗಳಿಯನ್ನು ಹಿಡಿದು ರೆಕ್ಕೆಯನ್ನು ಎತ್ತಿ ಒಳಬದಿಗೆ ಸವರಿಕೊಂಡದ್ದನ್ನು ಅವನು ನೋಡಿದ. ಒಂದು ಇರುವೆ ಸವರಿ ಬಿಸಾಡುವುದು, ಇನ್ನೊಂದು ಹಿಡಿಯುವುದು. ಅಣ್ಣ ನನಗೆ ಫೋನ್ ಮಾಡಿದ. ‘ನಾಗು, ಹಕ್ಕಿ ಸೋಪು ಹಾಕ್ಕೊಂಡು ಸ್ನಾನ ಮಾಡ್ತಿದೆ ಮಾರಾಯ್ತಿ, ಬೇಗ ಬಾ’ ಎಂದ. ನಾನು ಕಚೇರಿಯಲ್ಲಿದ್ದೆ. ಅಲ್ಲಿಂದ ಜಾವಳಿಗೆ ಬರುವಷ್ಟು ಹೊತ್ತು ಹಕ್ಕಿ ಸ್ನಾನ ಮಾಡುತ್ತದೆಯೇ? ಆದರೆ ನಂತರ ನಾನೂ ನೋಡಿದೆ, ಒಂದಲ್ಲ, ಹಲವು ಸಲ.

ಇದು ಸುಳ್ಳಲ್ಲ. ಪ್ರಾಧ್ಯಾಪಕರು ಈಗಷ್ಟೇ ಹೇಳಿದರು. ಲೋಕದ ಅನೇಕ ಜಾತಿಯ ಹಕ್ಕಿಗಳು ಇರುವೆಯನ್ನು ಹೀಗೆ ಮೈಗೆ ಸವರಿಕೊಳ್ಳುತ್ತವೆ. ಕೆಲವು ಇರುವೆಗಳ ದಾರಿಯ ಮೇಲೆ ರೆಕ್ಕೆ ಹರಡಿ ಮಲಗಿ ಅವು ಮೈಮೇಲೆ ಹರಿಯಲು ಬಿಡುತ್ತವೆ. ಇರುವೆ ಚಿಮ್ಮಿಸುವ ಆ ಹುಳಿ, ಫಾರ್ಮಿಕ್ ಆಮ್ಲ, ಹೇನು ಮತ್ತು ನುಸಿಯನ್ನು ದೂರ ಇಡುತ್ತದೆ ಎಂದು ಕೆಲವು ವಿಜ್ಞಾನಿಗಳ ಅಭಿಪ್ರಾಯ. ದಕ್ಷಿಣ ಅಮೆರಿಕದಲ್ಲಿ ಕೆಲವು ಕೋತಿಗಳು ಸಹಸ್ರಪದಿಯನ್ನು ತುಪ್ಪಳಕ್ಕೆ ಉಜ್ಜಿಕೊಳ್ಳುತ್ತವೆ. ಅದು ಕೀಟ ಅಲ್ಲ, ಕೀಟದ ದೂರದ ನೆಂಟ ಎಂದೂ ಅವರು ಹೇಳಿದರು. ಅದರ ರಸಕ್ಕೆ ಸೊಳ್ಳೆ ಹತ್ತಿರ ಬರುವುದಿಲ್ಲವಂತೆ. ಕೇಳುವಾಗ ನನಗೂ ಸಂತೋಷವಾಗುತ್ತದೆ. ಒಂದು ಮೂಕ ಜೀವ ಇನ್ನೊಂದು ಮೂಕ ಜೀವದ ರಸವನ್ನು ಮೈಗೆ ಹಚ್ಚಿಕೊಂಡು ಮೂರನೆಯದರಿಂದ ಪಾರಾಗುತ್ತದೆ ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ?

ಆದರೆ ಪ್ರಾಧ್ಯಾಪಕರು ಇನ್ನೊಂದು ಮಾತನ್ನೂ ಹೇಳಿದರು. ಆಗ ಚಪ್ಪಾಳೆ ಬೀಳಲಿಲ್ಲ. ಹಕ್ಕಿ ಏಕೆ ಹಾಗೆ ಮಾಡುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದರು. ಇರುವೆಯನ್ನು ತಿನ್ನುವ ಮೊದಲು ಅದರ ಹುಳಿಯನ್ನು ಪುಕ್ಕಕ್ಕೆ ಒರೆಸಿ ಖಾಲಿ ಮಾಡಿಕೊಳ್ಳುತ್ತದೆ, ಅಷ್ಟೇ ಎನ್ನುವವರಿದ್ದಾರೆ. ಹೇನಿನ ಮೇಲೆ ಪರೀಕ್ಷೆ ಮಾಡಿ ಪರಿಣಾಮ ಕಾಣಲಿಲ್ಲ ಎಂದವರೂ ಇದ್ದಾರೆ. ಗೊತ್ತಿಲ್ಲ ಎಂಬ ಮಾತಿಗೆ ನಾವು ಚಪ್ಪಾಳೆ ತಟ್ಟುವುದಿಲ್ಲ. ನನ್ನ ಅಣ್ಣನೂ ತಟ್ಟುತ್ತಿರಲಿಲ್ಲ.

ಹೋದ ವರ್ಷದ ವಾರ್ಷಿಕೋತ್ಸವ ನಿಮಗೆ ನೆನಪಿರಬೇಕು. ಇದೇ ವೇದಿಕೆ. ಅಣ್ಣ ಒಂದು ತೆಂಗಿನ ಕರಟ ತಂದಿದ್ದ. ಅದರ ಒಳಮೈಯ ಅರ್ಧಕ್ಕೆ ತಾನೇ ಮಾಡಿದ ಚಗಳಿ ಎಣ್ಣೆ ಸವರಿ, ಉಳಿದ ಅರ್ಧವನ್ನು ಹಾಗೇ ಬಿಟ್ಟು, ದನದ ಮೈಯಿಂದ ತೆಗೆದ ಉಣುಗುಗಳನ್ನು ನಡುವೆ ಬಿಟ್ಟ. ಮುಂದಿನ ಸಾಲಿನವರು ಎದ್ದು ಬಂದು ಬಗ್ಗಿ ನೋಡಿದರು. ಉಣುಗುಗಳು ಎಣ್ಣೆ ಇಲ್ಲದ ಕಡೆಗೇ ಹೋದವು. ಎಂಥ ಚಪ್ಪಾಳೆ ಅದು! ‘ಚಗಳಿ ರುದ್ರೇಶ್’ ಎಂಬ ಹೆಸರು ಅವನಿಗೆ ಬಿದ್ದದ್ದು ಅವತ್ತೇ. ಅಧ್ಯಕ್ಷರೇ ಅವನ ಬೆನ್ನು ತಟ್ಟಿ, ಇನ್ನು ಸರ್ಕಾರದ ಎಣ್ಣೆಯ ವಾಸನೆ ನಮಗೆ ಬೇಡ ಎಂದು ಮೈಕಿನಲ್ಲಿ ಹೇಳಿದರು. ಆಕ್ಷೇಪವೆಂದು ಹೇಳುತ್ತಿಲ್ಲ. ನಾವೆಲ್ಲರೂ ನಕ್ಕೆವು. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯ ವಾಸನೆ ನಿಜವಾಗಿಯೂ ಯಾರಿಗೂ ಇಷ್ಟ ಇಲ್ಲ.

ಆ ಕರಟದ ವಿಷಯದಲ್ಲಿ ಒಂದು ಕೊರತೆ ಇತ್ತು. ಬರೀ ಕೊಬ್ಬರಿ ಎಣ್ಣೆ ಸವರಿದ ಇನ್ನೊಂದು ಕರಟವನ್ನು ಪಕ್ಕದಲ್ಲಿ ಇಡಲಿಲ್ಲ. ಉಣುಗು ಹೆದರಿದ್ದು ಚಗಳಿಗೋ, ಜಾರುವ ಎಣ್ಣೆಗೋ? ಗೊತ್ತಿಲ್ಲ. ದನದ ಉಣುಗು ದೊಡ್ಡದು, ಕಣ್ಣಿಗೆ ಕಾಣುತ್ತದೆ. ಕಾಡಿನ ತರಗೆಲೆಯಲ್ಲಿ ಕಾಲಿಗೆ ಹತ್ತುವ ಮರಿ ಉಣುಗು ರಾಗಿ ಕಾಳಿಗಿಂತ ಸಣ್ಣದು. ಕರಟದಲ್ಲಿ ಯಾರೂ ಬೆವರುವುದಿಲ್ಲ. ಕರಟದಲ್ಲಿ ಬಿಸಿಲು ಏರುವುದಿಲ್ಲ. ಇವತ್ತು ಬೆಳಿಗ್ಗೆ ಪ್ರಾಧ್ಯಾಪಕರನ್ನು ಕೇಳಿದೆ. ಆ ಆಮ್ಲ ಗಾಳಿಗೆ ಬೇಗ ಹಾರಿಹೋಗುತ್ತದೆ, ಚರ್ಮದ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಭರವಸೆ ಕೊಡಲಾರೆ ಎಂದರು. ಹಕ್ಕಿ ದಿನದಲ್ಲಿ ಮನಸ್ಸು ಬಂದಾಗ ಮತ್ತೆ ಸವರಿಕೊಳ್ಳಬಹುದು. ತಲೆಯ ಮೇಲೆ ತರಗಿನ ಹೊರೆ ಹೊತ್ತ ಮನುಷ್ಯ ಸವರಿಕೊಳ್ಳುತ್ತಾನೆಯೇ?

ಈಗ ಅಣ್ಣನ ಕೊನೆಯ ದಿನಗಳ ಮಾತು.

ಫೆಬ್ರವರಿಯ ಒಂದು ಭಾನುವಾರ ನಾನು ಜಾವಳಿಗೆ ಬಂದಿದ್ದೆ. ಅತ್ತಿಗೆ ಕಳಸದ ತವರಿಗೆ ಹೋಗಿದ್ದರು. ಮರುದಿನ ಸಂಜೆ ಬರುವವರಿದ್ದರು. ಹಾಗಾಗಿ ಅಡಿಗೆ ನನ್ನದು. ಅಣ್ಣ ಕೊಟ್ಟಿಗೆಗೆ ಹಾಸಲು ತರಗು ತರುತ್ತೇನೆ ಎಂದು ಕಾಡಂಚಿಗೆ ಹೊರಟ. ಹೊರಡುವ ಮೊದಲು ಹಿಂದಿನ ಜಗಲಿಯಲ್ಲಿ ಕುಳಿತು ಎಣ್ಣೆ ಹಚ್ಚಿಕೊಂಡ. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಅಡಿಗೆಮನೆಯ ಕಿಟಕಿಯಿಂದ ಅವನು ಕಾಣುತ್ತಿದ್ದ. ಪಾದ, ಬೆರಳ ಸಂದು, ಮೊಣಕಾಲಿನ ಮೇಲೆ, ಸೊಂಟದ ಸುತ್ತ, ನಿಧಾನಕ್ಕೆ, ಪೂಜೆಗೆ ಕುಳಿತವನ ಹಾಗೆ. ಹುಳಿ ವಾಸನೆ ಒಲೆಯವರೆಗೂ ಬಂತು. ನನಗೆ ಕಣ್ಣು ಉರಿಯಿತು, ಬಾಗಿಲು ಹಾಕು ಎಂದೆ. ಅವನು ಅಲ್ಲಿಂದಲೇ, ಚಟ್ನಿ ಆದ್ರೆ ಎರಡು ಸಲ ಹಾಕಿಸ್ಕೊಂಡು ತಿಂತೀಯ, ವಾಸನೆ ಮಾತ್ರ ಆಗಲ್ವಾ ಎಂದ.

ಸಭಿಕರೇ, ಇದು ನಾನು ಕಂಡದ್ದು. ಯಾರೋ ಹೇಳಿದ್ದಲ್ಲ.

ವಾರ ಕಳೆಯುವ ಹೊತ್ತಿಗೆ ಅವನಿಗೆ ಜ್ವರ ಬಂತು. ತಲೆನೋವು, ಸೊಂಟ ಮುರಿದ ಹಾಗೆ ನೋವು, ಕಣ್ಣು ಕೆಂಪು. ಮೂಡಿಗೆರೆಯಲ್ಲಿ ರಕ್ತ ತೆಗೆದರು. ವರದಿ ಬರುವ ಮೊದಲೇ ಒಸಡಿನಲ್ಲಿ ರಕ್ತ ಕಾಣಿಸಿತು. ಚಾರ್ಮಾಡಿ ಘಾಟಿ ಇಳಿಸಿ ಕರಾವಳಿಯ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ವೈದ್ಯರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಮಂಗನ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ನನ್ನ ಅಣ್ಣ ಬದುಕಲಿಲ್ಲ.

ಜ್ವರ ಬಂದ ಮೊದಲ ದಿನ ಅತ್ತಿಗೆ ಅವನನ್ನು ಒಂದೇ ಪ್ರಶ್ನೆ ಕೇಳಿದ್ದರು. ಭಾನುವಾರ ಎಣ್ಣೆ ಹಚ್ಚಿಕೊಂಡಿದ್ದಿರಾ ಎಂದು. ಅಣ್ಣ, “ಇಲ್ಲ ಸೌಂದರ್ಯ, ಅವತ್ತು ಮರೆತೆ,” ಎಂದ. ಜ್ವರ ಎಂದು ಕೇಳಿ ಅವತ್ತೇ ಬಂದಿದ್ದ ನಾನು ಅದೇ ಕೋಣೆಯ ಬಾಗಿಲಲ್ಲಿ ಗಂಜಿಯ ಲೋಟ ಹಿಡಿದು ನಿಂತಿದ್ದೆ. ಅವನು ನನ್ನನ್ನು ನೋಡಿದ. ಜ್ವರ ಬಂದವನ ಹತ್ತಿರ ವಾದ ಮಾಡುವುದೇ? ಜ್ವರದಲ್ಲಿ ನೆನಪು ಕಲಸಿರಬೇಕು ಎಂದುಕೊಂಡೆ.

ಆಸ್ಪತ್ರೆಯಲ್ಲಿ, ಮಾತು ನಿಲ್ಲುವ ಹಿಂದಿನ ದಿನ, ಅತ್ತಿಗೆ ಔಷಧಿ ತರಲು ಕೆಳಗೆ ಹೋಗಿದ್ದಾಗ, ಅವನು ನನ್ನನ್ನು ಹತ್ತಿರ ಕರೆದ. ತುಟಿ ಒಡೆದಿತ್ತು. ಹತ್ತಿ ಅದ್ದಿ ಒರೆಸಿದೆ.

“ನಾಗು, ಅದು ಕೆಲಸ ಮಾಡ್ಲಿಲ್ಲ ಕಣೇ,” ಎಂದ. “ಹಚ್ಕೊಂಡಿದ್ದೆ. ನೀನೇ ನೋಡಿದೀಯಲ್ಲ.”

ಹೌದು ಎಂದೆ.

“ಜನಕ್ಕೆ ಹೇಳ್ಬೇಕು ಮಾರಾಯ್ತಿ.”

ನೀನೇ ಹೇಳುವೆಯಂತೆ, ಮುಂದಿನ ವಾರ್ಷಿಕೋತ್ಸವಕ್ಕೆ ಎಂದೆ. ಅವನು ಕಣ್ಣು ಮುಚ್ಚಿದ. ಅಷ್ಟೇ. ಅತ್ತಿಗೆ ಮಾತ್ರೆ ತಂದರು.

ಮಳೆಗಾಲ ಮುಗಿದ ಮೇಲೆ ಅತ್ತಿಗೆ ಈ ಎಣ್ಣೆ ಮಾಡಲು ಶುರು ಮಾಡಿದರು. ಅವರು ಮನೆಯಿಂದ ಹೊರಗೆ ಬಂದದ್ದೇ ಆ ಕೆಲಸದಿಂದ. ಅದಕ್ಕೂ ಮೊದಲು ಅವರು ಊಟ ಮಾಡುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ, ಕಣದ ಕಡೆ ಹೋಗುತ್ತಿರಲಿಲ್ಲ. ಎಣ್ಣೆ ಮಾಡಲು ಚಗಳಿ ಬೇಕು, ಚಗಳಿ ಬೇಕಾದರೆ ತೋಟಕ್ಕೆ ಹೋಗಬೇಕು. ಹೋದರು. ನಾಲ್ಕು ಜನರ ಜೊತೆ ಮಾತನಾಡಿದರು. ‘ಒಂದು ದಿನ ಮರೆತದ್ದಕ್ಕೆ ಅವರು ಹೋದ್ರು, ಇನ್ಯಾರೂ ಮರೀಬಾರ್ದು’ ಎನ್ನುತ್ತಿದ್ದರು. ಆ ಮಾತು ಅವರನ್ನು ನಡೆಸುತ್ತಿತ್ತು. ನಾನು ಸಂಗತಿ ಹೇಳಿದೆ. ಬಾಟಲಿ ಬರುವ ಮೊದಲೇ ಹೇಳಿದೆ, ಬಂದ ಮೇಲೆಯೂ ಹೇಳಿದೆ, ನಿನ್ನೆ ಸಂಜೆ ಇನ್ನೊಮ್ಮೆ ಹೇಳಿದೆ. ನೀನು ನೋಡಿದ್ದು ಬೇರೆ ದಿನ ಇರಬೇಕು ಎಂದರು. ಜ್ವರಕ್ಕೆ ಮೊದಲು ಆ ತಿಂಗಳು ನಾನು ಬೇರೆ ದಿನ ಬಂದಿರಲಿಲ್ಲ ಅತ್ತಿಗೆ ಎಂದೆ. ಆಗ ಅವರು ಕೇಳಿದ್ದು ಇಷ್ಟು:

“ಹಾಗಾದ್ರೆ ನಿಮ್ಮಣ್ಣ ನನ್ನ ಹತ್ರ ಸುಳ್ಳು ಹೇಳಿ ಹೋದ್ರಾ?”

ಸಭಿಕರೇ, ಆಧಾರ ಇಲ್ಲದ ವಾಕ್ಯಕ್ಕೆ ಗೀಟು ಎಳೆಯುವುದನ್ನು ನನಗೆ ಕಚೇರಿಯಲ್ಲಿ ಕಲಿಸಿದ್ದಾರೆ. ಅಣ್ಣ ಏಕೆ ಹಾಗೆ ಹೇಳಿದ ಎಂಬುದಕ್ಕೆ ನನ್ನಲ್ಲಿ ಆಧಾರ ಇಲ್ಲ. ಆದರೂ ಅವನ ತಂಗಿಯಾಗಿ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಇದನ್ನು ಯಾರೂ ಸುದ್ದಿ ಎಂದು ತೆಗೆದುಕೊಳ್ಳಬೇಡಿ.

ಅತ್ತಿಗೆ, ಇದು ನಿಮಗೆ. ಹೋದ ವರ್ಷ ಕರಟ ತೋರಿಸಿದ ದಿನ ಅಷ್ಟು ಜನ ಚಪ್ಪಾಳೆ ತಟ್ಟುವಾಗ ಅಣ್ಣ ಯಾರನ್ನೂ ನೋಡಲಿಲ್ಲ. ನಿಮ್ಮನ್ನು ನೋಡಿದ. ನೀವು ಇವತ್ತು ಕುಳಿತಿರುವ ಸಾಲಿನಲ್ಲೇ ಇದ್ದಿರಿ, ನಗುತ್ತಿದ್ದಿರಿ. ಅವನ ಬದುಕಿನಲ್ಲಿ ಬಹುಮಾನ ಅಂತ ಇದ್ದದ್ದು ಅದೊಂದೇ. ಕಾಲೇಜು ಮುಗಿಸಲಿಲ್ಲ, ಪಂಚಾಯಿತಿ ಚುನಾವಣೆಯಲ್ಲಿ ಸೋತ, ಮೆಣಸಿನ ಬಳ್ಳಿಗಳು ರೋಗ ಬಂದು ಸತ್ತವು. ಜ್ವರದಲ್ಲಿ ಮಲಗಿದವನಿಗೆ ಆ ನಗುವನ್ನು ವಾಪಸು ಕೊಡಲು ಮನಸ್ಸು ಬರಲಿಲ್ಲ. ಗುಣವಾಗಿ ಎದ್ದ ಮೇಲೆ ಹೇಳೋಣ ಎಂದುಕೊಂಡಿರಬೇಕು. ಏಳುತ್ತೇನೆ ಎಂದೇ ಅವನು ತಿಳಿದಿದ್ದ. ನಾವೂ ಹಾಗೇ ತಿಳಿದಿದ್ದೆವು.

ಅವನು ನಿಮಗೆ ಸುಳ್ಳು ಹೇಳಿದ, ಅತ್ತಿಗೆ. ಹೌದು. ಅದನ್ನು ಬೇರೆ ಪದದಲ್ಲಿ ಹೇಳಲು ನಿನ್ನೆಯಿಂದ ಪ್ರಯತ್ನಿಸಿದೆ. ಆಗಲಿಲ್ಲ.

ಅವರು ಎದ್ದಿದ್ದಾರೆ. ದಯವಿಟ್ಟು ಯಾರೂ ಕೈ ಹಿಡಿದು ಕೂರಿಸಬೇಡಿ. ದಾರಿ ಬಿಡಿ. ಉಮೇಶ್ ಅವರೇ, ಅವರು ಬೆಳಿಗ್ಗೆ ನನ್ನ ಕಾರಿನಲ್ಲಿ ಬಂದವರು. ವಾಪಸು ನನ್ನ ಜೊತೆ ಬರಲಾರರು. ನಿಮ್ಮ ಜೀಪಿನಲ್ಲಿ ಮನೆಯವರೆಗೆ ಬಿಟ್ಟು ಬನ್ನಿ. ದ್ಯಾವಮ್ಮ, ನೀವು ಜೊತೆಗೆ ಹೋಗಿ. ಅವರು ಬೇಡ ಎಂದರೂ ಹೋಗಿ.

…

ಕ್ಷಮಿಸಿ. ಒಂದು ಗುಟುಕು ನೀರು ಕುಡಿದೆ.

ಇದನ್ನು ಮನೆಯೊಳಗೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸುತ್ತಿರಬಹುದು. ಅಧ್ಯಕ್ಷರಂತೂ ನಿನ್ನೆ ಫೋನಿನಲ್ಲಿ ಹಾಗೇ ಹೇಳಿದರು. ಸನ್ಮಾನ ಆಗಿ ಹೋಗಲಿ, ಆಮೇಲೆ ನಿಧಾನಕ್ಕೆ ನೋಡೋಣ ಎಂದರು. ಬೇರೆ ವರ್ಷವಾಗಿದ್ದರೆ ನಾನೂ ಒಪ್ಪುತ್ತಿದ್ದೆನೇನೋ. ಆದರೆ ಮಂಗ ಸತ್ತ ಜಾಗದ ಕೆಳಗೆ ಇರುವುದು ರೊಬಸ್ಟಾ ತೋಟ. ನಾಳೆಯಿಂದ ಅಲ್ಲಿ ಕುಯ್ಲು ಇದೆ. ಈ ಸಭೆಯಲ್ಲಿ ಕುಳಿತಿರುವ ಹೆಂಗಸರಲ್ಲಿ ಅರ್ಧ ಜನ ಅಲ್ಲಿಗೇ ಹೋಗುವವರು. ಅವರು ಬಾಗಿಲ ಬಳಿ ಬಾಟಲಿ ತೆಗೆದುಕೊಂಡು, ಅದರ ಮೇಲೆ ಇರುವ ನನ್ನ ಅಣ್ಣನ ಮುಖ ನೋಡಿ, ನಂಬಿ, ಹಚ್ಚಿಕೊಂಡು ಹೋದರೆ? ಅವರಲ್ಲಿ ಒಬ್ಬರಿಗೆ ಜ್ವರ ಬಂದರೆ? ಆಗ ಆ ಮನೆಯಲ್ಲೂ ಯಾರೋ ಕೇಳುತ್ತಾರೆ, ಅವತ್ತು ಹಚ್ಚಿಕೊಂಡಿದ್ದೆಯಾ ಎಂದು. ಆ ಪ್ರಶ್ನೆ ಇನ್ನೊಂದು ಮನೆಗೆ ಹೋಗುವುದು ನನಗೆ ಬೇಡ.

ನನ್ನ ಅಣ್ಣ ಮೂರ್ಖನಲ್ಲ. ಅವನು ಹಕ್ಕಿಯನ್ನು ನೋಡಿದ್ದು ನಿಜ. ಗೂಡುಗಳನ್ನು ಉಳಿಸಿದ್ದು ನಿಜ. ಇವತ್ತಿಗೂ ನಮ್ಮ ತೋಟದಲ್ಲಿರುವಷ್ಟು ಹರಟೆಮಲ್ಲ ಸುತ್ತಿನ ಯಾವ ತೋಟದಲ್ಲೂ ನಾನು ಕಂಡಿಲ್ಲ. ಕಂಡದ್ದರಿಂದ ಕಾಣದ್ದಕ್ಕೆ ಒಂದು ಹೆಜ್ಜೆ ಹಾರಿದ, ಅಷ್ಟೇ. ಆ ಹೆಜ್ಜೆಯನ್ನು ನಮ್ಮಲ್ಲಿ ಯಾರು ಹಾರಿಲ್ಲ? ಅವನ ಕೆಳಗೆ ನೆಲ ಇರಲಿಲ್ಲ. ಅವನನ್ನು ನೆನೆಯುವುದಾದರೆ ಹಕ್ಕಿಯನ್ನು ಅಷ್ಟು ಹೊತ್ತು ನಿಂತು ನೋಡಿದವನು ಎಂದು ನೆನೆಯಿರಿ. ಮದ್ದು ಕಂಡುಹಿಡಿದವನು ಎಂದು ಬೇಡ. ಸಾಯುವ ಮೊದಲು, ಅದು ಕೆಲಸ ಮಾಡಲಿಲ್ಲ ಎಂದು ತನ್ನ ಬಾಯಿಂದಲೇ ಹೇಳಿದವನು ಎಂದೂ ನೆನೆಯಬಹುದು. ಅದನ್ನು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತು ಎಂಬುದು ನನಗೊಬ್ಬಳಿಗೆ ಗೊತ್ತಿತ್ತು. ಈಗ ನಿಮಗೂ ಗೊತ್ತಾಯಿತು.

ಅಧ್ಯಕ್ಷರಲ್ಲಿ ಎರಡು ವಿನಂತಿ. ಫಲಕದ ಆ ಸಾಲನ್ನು ಅಳಿಸಿ ಕೊಡಿ. ಬರೀ ಹೆಸರು ಮತ್ತು ಊರು ಸಾಕು. ಇನ್ನೊಂದು, ಮೇಜಿನ ಮೇಲಿರುವ ಬಾಟಲಿಗಳನ್ನು ಯಾರಿಗೂ ಕೊಡಬೇಡಿ. ಎಸೆಯಲೂ ಬೇಡಿ. ಅವು ನನ್ನ ಅತ್ತಿಗೆಯ ವಸ್ತು. ಏನು ಮಾಡಬೇಕು ಎಂಬುದನ್ನು ಅವರು ಹೇಳುವವರೆಗೆ ಬಳಗದ ಕೋಣೆಯಲ್ಲಿ ಇಟ್ಟಿರಿ. ಅಧ್ಯಕ್ಷರು ತಲೆಯಾಡಿಸುತ್ತಿದ್ದಾರೆ. ಧನ್ಯವಾದ.

ಅತ್ತಿಗೆ ಮತ್ತೆ ನನ್ನ ಜೊತೆ ಮಾತನಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅಣ್ಣ ಹೋದ ಮೇಲೆ ಆ ಮನೆಯಲ್ಲಿ ನನ್ನನ್ನು ಊಟ ಮಾಡಿದೆಯಾ ಎಂದು ಕೇಳುತ್ತಿದ್ದವರು ಅವರೊಬ್ಬರೇ. ಹಬ್ಬಕ್ಕೆ ನನಗೆ ಸೀರೆ ತೆಗೆದಿಡುತ್ತಿದ್ದವರು ಅವರೇ. ಮುಂದಿನ ತಿಂಗಳು ಅಣ್ಣನ ವರ್ಷದ ತಿಥಿ. ಕರೆದರೆ ಹೋಗುತ್ತೇನೆ. ಕರೆಯದಿದ್ದರೆ ಚಿಕ್ಕಮಗಳೂರಿನಲ್ಲೇ ಎಡೆ ಇಡುತ್ತೇನೆ. ಇದನ್ನು ನಿಮ್ಮ ಮುಂದೆ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಬಾಯಿಗೆ ಬಂತು.

ತಾಳ್ಮೆಯಿಂದ ಕೇಳಿದಿರಿ. ಚಪ್ಪಾಳೆಯ ಅಗತ್ಯ ಇಲ್ಲ, ಮನೆಗೆ ಹೋಗಿ ಅಕ್ಕಪಕ್ಕದವರಿಗೆ ಹೇಳಿದರೆ ಸಾಕು. ಬಳಗಕ್ಕೆ, ಅಧ್ಯಕ್ಷರಿಗೆ, ಗೊತ್ತಿಲ್ಲ ಎಂಬ ಮಾತನ್ನು ಈ ಮೈಕಿನಲ್ಲಿ ಮೊದಲ ಬಾರಿಗೆ ಹೇಳಿದ ಪ್ರಾಧ್ಯಾಪಕರಿಗೆ, ಜೀಪು ತೆಗೆದ ಉಮೇಶ್ ಅವರಿಗೆ ನಾನು ಋಣಿ.

ನಾಳೆ ಬೆಳಿಗ್ಗೆ ಏಳು ಗಂಟೆಗೆ, ಕುಯ್ಲು ಶುರುವಾಗುವ ಮೊದಲು, ಜಾವಳಿ ಬಸ್ ನಿಲ್ದಾಣದ ಎದುರು ಆರೋಗ್ಯ ಇಲಾಖೆಯವರು ಡೇಪಾ ಎಣ್ಣೆ ಹಂಚುತ್ತಾರೆ. ಹಚ್ಚುವ ಕ್ರಮವನ್ನು ಅಲ್ಲಿಯೇ ತೋರಿಸುತ್ತಾರೆ. ಜ್ವರ ಇರುವವರ ರಕ್ತದ ಮಾದರಿಯನ್ನೂ ಅಲ್ಲಿಯೇ ತೆಗೆಯುತ್ತಾರೆ.

ಎಲ್ಲರಿಗೂ ನಮಸ್ಕಾರ.